ಮದ್ದಿಗೂ ಗುಂಡಿಗೂ ನಡುವೆ ಜಾಗ ಬಿಡಬೇಡಿ

ಹಿಂದಿನ ಸಂಚಿಕೆಯಲ್ಲಿ ನನ್ನ ಶಾರ್ಪ್ಸ್ ರೈಫಲ್ ಬಗ್ಗೆ ಬರೆದಿದ್ದೆ. 1870ರ ದಶಕದಲ್ಲಿ ಅಮೆರಿಕದ ಬೈಸನ್ ಬೇಟೆಗಾರರ ಕೈಯಲ್ಲಿದ್ದ ಕೋವಿಯ ಮಾದರಿ ಅದು. ನನ್ನ ಬಳಿ ಇರುವುದು ಹಳೆಯ ಕೋವಿಯಲ್ಲ, ಅದೇ ಅಚ್ಚಿನಲ್ಲಿ ಇಟಲಿಯಲ್ಲಿ ಈಚೆಗೆ ತಯಾರಾದದ್ದು. ಇದರ ತೋಟಾಗಳನ್ನು ನಾನೇ ತುಂಬಿಕೊಳ್ಳುತ್ತೇನೆ ಎಂದು ಕೊನೆಯಲ್ಲಿ ಒಂದು ಮಾತು ಸೇರಿಸಿದ್ದೆ. ಬಂದ ಪತ್ರಗಳೆಲ್ಲ ಆ ಒಂದು ಮಾತನ್ನೇ ಹಿಡಿದುಕೊಂಡಿವೆ.

ಉತ್ತರಿಸುವ ಮೊದಲು ಎರಡು ವಿಷಯ ಹೇಳಿಬಿಡುತ್ತೇನೆ. ಪರವಾನಗಿಯಿಲ್ಲದೆ ತೋಟಾ ತುಂಬುವುದು ಹಲವು ದೇಶಗಳಲ್ಲಿ ಅಪರಾಧ. ನೀವಿರುವ ಕಡೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ಉಳಿದದ್ದೆಲ್ಲ. ಎರಡನೆಯದಾಗಿ, ಮದ್ದಿನ ಅಳತೆ ಬರೆದು ಕಳುಹಿಸಿ ಎಂದು ಏಳೆಂಟು ಮಂದಿ ಕೇಳಿದ್ದೀರಿ. ಕೊಡುವುದಿಲ್ಲ. ಅಳತೆ ಇರಬೇಕಾದದ್ದು ಮದ್ದು ತಯಾರಿಸಿದವರು ಪ್ರಕಟಿಸುವ ಕೈಪಿಡಿಯಲ್ಲಿ. ಪತ್ರಿಕೆಯಲ್ಲಿ ಒಂದು ಅಂಕಿ ಅಚ್ಚಿನ ತಪ್ಪಿನಿಂದ ಬದಲಾದರೆ ಯಾರದೋ ಕಣ್ಣು ಹೋಗುತ್ತದೆ.

ಪ್ರಶ್ನೆ: ನಿಮ್ಮ ರೈಫಲ್ "45-70" ಎಂದು ಬರೆದಿದ್ದೀರಿ. ಇದು ಯಾವ ಲೆಕ್ಕ? ತೋಟಾ ತುಂಬುವುದು ಎಂದರೆ ನಿಜವಾಗಿ ಏನು ಮಾಡುತ್ತೀರಿ?

ಉತ್ತರ: 45 ಎಂದರೆ ನಳಿಗೆಯ ಅಳತೆ, ಅಂಗುಲದ ನೂರರಲ್ಲಿ ನಲವತ್ತೈದು ಭಾಗ. 70 ಎಂದರೆ ಆ ತೋಟಾಕ್ಕೆ ಮೂಲದಲ್ಲಿ ತುಂಬುತ್ತಿದ್ದ ಕರಿಮದ್ದಿನ ತೂಕ, 70 ಗ್ರೇನ್. ಒಂದು ಪೌಂಡಿಗೆ 7,000 ಗ್ರೇನ್, ಆದ್ದರಿಂದ 70 ಗ್ರೇನ್ ಎಂದರೆ ನಾಲ್ಕೂವರೆ ಗ್ರಾಂ. ಅಮೆರಿಕದ ಸೇನೆ 1873ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲ್ ಜೊತೆಗೆ ಈ ತೋಟಾವನ್ನು ಒಪ್ಪಿಕೊಂಡಾಗ ಅದರ ಗುಂಡು 405 ಗ್ರೇನ್ ತೂಗುತ್ತಿತ್ತು, ಅಂದರೆ 26 ಗ್ರಾಮಿಗೆ ತುಸು ಹೆಚ್ಚು ಸೀಸ. ಮುಂದೆ 500 ಗ್ರೇನಿನ ಗುಂಡೂ ಬಂತು. ಹಳೆಯ ತೋಟಾಗಳ ಹೆಸರಿನಲ್ಲೇ ಅವುಗಳ ಜಾತಕವಿದೆ. ಈ ಪದ್ಧತಿ ನನಗೆ ಬಹಳ ಇಷ್ಟ, ಏಕೆಂದರೆ ಮೂಲದಲ್ಲಿ ಏನು ತುಂಬುತ್ತಿದ್ದರೆಂದು ಹೆಸರೇ ನೆನಪಿಸುತ್ತದೆ.

ತೋಟಾದಲ್ಲಿ ಇರುವುದು ನಾಲ್ಕೇ ವಸ್ತು: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಪೆಟ್ಟು ಬಿದ್ದೊಡನೆ ಕಿಡಿ ಹಾರಿಸುವ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡು ಹೊಡೆದ ಮೇಲೆ ಕೇಪು ಸತ್ತಿರುತ್ತದೆ, ಮದ್ದು ಉರಿದಿರುತ್ತದೆ, ಗುಂಡು ಹೋಗಿರುತ್ತದೆ. ಹಿತ್ತಾಳೆ ಮಾತ್ರ ಉಳಿಯುತ್ತದೆ. ಆ ಹಿತ್ತಾಳೆಯನ್ನು ತೊಳೆದು, ಉಬ್ಬಿದ್ದನ್ನು ಅಚ್ಚಿನಲ್ಲಿ ಒತ್ತಿ ಸರಿಮಾಡಿ, ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಗುಂಡು ಇಡುವುದೇ ನಾನು ಮಾಡುವ ಕೆಲಸ. ಸತ್ತ ಕೇಪನ್ನು ಬುಡದ ನಡುವಿನ ಒಂದೇ ತೂತಿನ ಮೂಲಕ ಸೂಜಿಯಿಂದ ತಳ್ಳಿ ಹೊರಹಾಕಬಹುದು. ಈ ಅನುಕೂಲವನ್ನು ಕೊಟ್ಟದ್ದು ಬಾಕ್ಸರ್ ಎಂಬ ಇಂಗ್ಲಿಷ್ ಸೇನಾಧಿಕಾರಿಯ 1866ರ ವಿನ್ಯಾಸ. ಅದೇ ವರ್ಷ ಬರ್ಡನ್ ಎಂಬ ಅಮೆರಿಕನ್ ಮಾಡಿದ ವಿನ್ಯಾಸದಲ್ಲಿ ಬದಿಗೆ ಎರಡು ಸಣ್ಣ ತೂತುಗಳಿದ್ದವು. ಅದರಲ್ಲಿ ಕೇಪು ತೆಗೆಯುವುದು ಕಷ್ಟ. ಕಾಲ ಹೋದ ಹಾಗೆ ಅಮೆರಿಕ ಇಂಗ್ಲಿಷರವನ ಕೇಪನ್ನು ಹಿಡಿಯಿತು, ಯುರೋಪು ಅಮೆರಿಕದವನದನ್ನು ಹಿಡಿಯಿತು.

ಪ್ರಶ್ನೆ: ಈಗಿನ ಹಿತ್ತಾಳೆಯಲ್ಲಿ 70 ಗ್ರೇನ್ ಕರಿಮದ್ದು ಹಿಡಿಯುವುದೇ ಇಲ್ಲ, ತುಳುಕುತ್ತದೆ. ನಾನು ಸ್ವಲ್ಪ ಕಡಿಮೆ ಹಾಕಿ, ಮೇಲೆ ಖಾಲಿ ಬಿಟ್ಟು ಗುಂಡು ಇಡಬಹುದೇ? ಕಡಿಮೆ ಮದ್ದು ಎಂದರೆ ಅಪಾಯವೂ ಕಡಿಮೆ ತಾನೇ?

ಉತ್ತರ: ಬೇಡ. ದಯವಿಟ್ಟು ಬೇಡ. ಎಲ್ಲ ಪತ್ರಗಳಲ್ಲೂ ನನ್ನನ್ನು ಎದ್ದು ಕೂರುವಂತೆ ಮಾಡಿದ್ದು ನಿಮ್ಮ ಪತ್ರವೇ.

ಕರಿಮದ್ದಿನ ತೋಟಾದಲ್ಲಿ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇರಲೇಬಾರದು. ಮದ್ದು ಸಡಿಲವಾಗಿದ್ದು ಮುಂದೆ ಗಾಳಿ ಇದ್ದರೆ, ಹೊತ್ತಿಕೊಂಡ ಅನಿಲ ಆ ಬಯಲಿನಲ್ಲಿ ಓಡಿ ಬಂದು ಗುಂಡಿನ ಬೆನ್ನಿಗೆ ಸುತ್ತಿಗೆಯಂತೆ ಬಡಿಯುತ್ತದೆ. ಗುಂಡು ಭಾರವಾದದ್ದು, ತಕ್ಷಣ ಜರುಗುವುದಿಲ್ಲ. ಆ ಪೆಟ್ಟನ್ನು ತಾಳುವುದು ಆ ಜಾಗದ ಉಕ್ಕು. ಅಲ್ಲಿ ಉಂಗುರ ತೊಡಿಸಿದ ಹಾಗೆ ಸುತ್ತಲೂ ಉಬ್ಬು ಏಳುತ್ತದೆ. ಹಾಗೆ ಉಬ್ಬಿದ ನಳಿಗೆಯೊಂದನ್ನು ನನ್ನ ಗುರುಗಳು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಬೆರಳು ಆಡಿಸು ಎಂದಿದ್ದರು. ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬು, ಬೆರಳಿಗೆ ಮಾತ್ರ ಸಿಕ್ಕಿತು. ಕಡಿಮೆ ಮದ್ದಿನ ಈಡಿನಿಂದಲೇ ಹಾಗಾದದ್ದು.

ನಿಮ್ಮ ಮೊದಲ ಮಾತು ಮಾತ್ರ ಸರಿ. ಹಳೆಯ ತೋಟಾದ ಬುಡ ತೆಳುವಾಗಿತ್ತು, ಒಳಗೆ ಜಾಗ ಹೆಚ್ಚಿತ್ತು. ಈಗಿನ ಹಿತ್ತಾಳೆಯ ಬುಡ ದಪ್ಪ ಮತ್ತು ಗಟ್ಟಿ, ಆದ್ದರಿಂದ ಅದೇ ಎತ್ತರದ ಕೋಶದಲ್ಲಿ ಮದ್ದು ಕಡಿಮೆ ಹಿಡಿಯುತ್ತದೆ. ಇದಕ್ಕೆ ಹಿಂದಿನವರು ಕಂಡುಕೊಂಡ ಉಪಾಯ ಒಂದು ಉದ್ದನೆಯ ಕೊಳವೆ. ನನ್ನ ಬಳಿ ಇರುವುದು ಎರಡು ಅಡಿಯ ಹಿತ್ತಾಳೆಯ ಕೊಳವೆ. ಗೋಡೆಗೆ ನಿಲ್ಲಿಸಿದ ಹಲಗೆಗೆ ಅದನ್ನು ಕಟ್ಟಿದ್ದೇನೆ. ಮೇಲಿನ ಆಲಿಕೆಯಿಂದ ಮದ್ದನ್ನು ನಿಧಾನಕ್ಕೆ ಬಿಟ್ಟರೆ ಕಾಳು ಕಾಳಾಗಿ ಇಳಿದು ಒಂದಕ್ಕೊಂದು ಹೊಂದಿಕೊಂಡು ಕೂರುತ್ತದೆ. ಸೇರನ್ನು ನೆಲಕ್ಕೆ ಕುಟ್ಟಿದರೆ ಇನ್ನೊಂದು ಹಿಡಿ ಕಾಳು ಹಿಡಿಯುತ್ತದಲ್ಲ, ಇದೂ ಹಾಗೆಯೇ. ಗಡಿಬಿಡಿಯಲ್ಲಿ ಸುರಿದರೆ ಕೋಶದ ಬಾಯಿಗೆ ಬಂದು ನಿಲ್ಲುವ ಮದ್ದು, ಹೀಗೆ ಬಿಟ್ಟಾಗ ಬಾಯಿಗಿಂತ ಕೆಳಗೆ ನಿಲ್ಲುತ್ತದೆ. ನಾನು ಒಂದೊಂದಕ್ಕೂ ಹತ್ತು ಎಣಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತೇನೆ. ಅದರ ಮೇಲೆ ರಟ್ಟಿನ ತೆಳು ಬಿಲ್ಲೆ. ಬಿಲ್ಲೆಯ ಮೇಲೆ ಒತ್ತುವ ಅಚ್ಚು ಇಳಿಸಿ ಮದ್ದನ್ನು ತುಸುವೇ ಅದುಮುತ್ತೇನೆ. ಗುಂಡಿನಿಂದಲೇ ಅದುಮಬಾರದು, ಸೀಸ ಮೆತ್ತಗಿನದು, ಮೂತಿ ಸೊಟ್ಟಗಾಗುತ್ತದೆ. ಎಲ್ಲ ಸರಿಯಾದರೆ ಗುಂಡು ಬಿಲ್ಲೆಯ ಮೇಲೆ ಬಂದು ಕೂರುತ್ತದೆ. ಅಲ್ಲಾಡಿಸಿದರೆ ಒಳಗೆ ಸದ್ದೇ ಬರಬಾರದು. ಸರಸರ ಎಂದರೆ ಆ ತೋಟಾವನ್ನು ಬಿಚ್ಚಿ ಮತ್ತೆ ತುಂಬುತ್ತೇನೆ.

ಇಷ್ಟು ಮಾಡಿದರೂ 70 ಗ್ರೇನ್ ಹಿಡಿಯದಿದ್ದರೆ ಬೇಸರ ಬೇಡ. ಹೆಸರಿನಲ್ಲಿರುವ ಸಂಖ್ಯೆ ಮುಟ್ಟಲೇಬೇಕೆಂಬ ಹರಕೆ ಯಾರಿಗೂ ಇಲ್ಲ. ಕೈಪಿಡಿ ಕೊಡುವ ಮಿತಿಯೊಳಗೆ, ಜಾಗ ತುಂಬುವಷ್ಟು ಇದ್ದರೆ ಸಾಕು. ಕುದುರೆ ಸವಾರರ ಗಿಡ್ಡ ಕೋವಿಗೆ ಅಮೆರಿಕದ ಸೇನೆಯೂ 55 ಗ್ರೇನನ್ನೇ ತುಂಬುತ್ತಿತ್ತು, 70 ಗ್ರೇನಿನ ಒದೆತವನ್ನು ಆ ಹಗುರ ಕೋವಿಯಲ್ಲಿ ಭುಜ ತಾಳುತ್ತಿರಲಿಲ್ಲ ಎಂಬ ಕಾರಣಕ್ಕೆ. ಮದ್ದು ಕಡಿಮೆ ಮಾಡಿದವರು ಉಳಿದ ಜಾಗವನ್ನು ಹಾಗೆಯೇ ಬಿಡಲಿಲ್ಲ, ರಟ್ಟಿನಿಂದ ತುಂಬಿಸಿದರು.

ಪ್ರಶ್ನೆ: ಕೋವಿ ಹೊಸದು, ಉಕ್ಕು ಹೊಸದು. ಹಾಗಿದ್ದ ಮೇಲೆ ಈ ಹೊಗೆ, ಮಸಿ ಯಾಕೆ? ಈಗಿನ ಹೊಗೆರಹಿತ ಮದ್ದನ್ನೇ ತುಂಬಬಹುದಲ್ಲ?

ಉತ್ತರ: ಕೆಲವು ಕೋವಿಗಳಲ್ಲಿ ತುಂಬಬಹುದು, ತುಂಬುವವರೂ ಇದ್ದಾರೆ. ಆದರೆ ನಿಮ್ಮ ಪ್ರಶ್ನೆಯಲ್ಲಿ "ಹೊಸ ಉಕ್ಕು" ಎಂಬ ಧೈರ್ಯ ಇದೆಯಲ್ಲ, ಅದರ ಬಗ್ಗೆ ನನಗೆ ಭಯ.

ಕರಿಮದ್ದು ಉರಿಯುವ ರೀತಿ ಬೇರೆ, ಹೊಗೆರಹಿತ ಮದ್ದು ಉರಿಯುವ ರೀತಿ ಬೇರೆ. ಒತ್ತಡ ಹೆಚ್ಚಿದಂತೆಲ್ಲ ಹೊಗೆರಹಿತ ಮದ್ದು ಇನ್ನೂ ಬೇಗ ಉರಿಯುತ್ತದೆ, ಬೇಗ ಉರಿದಂತೆಲ್ಲ ಒತ್ತಡ ಇನ್ನೂ ಏರುತ್ತದೆ. ಕರಿಮದ್ದಿನಲ್ಲಿ ಈ ಏರಿಕೆ ಅಷ್ಟು ತೀವ್ರವಲ್ಲ. 1884ರಲ್ಲಿ ಫ್ರಾನ್ಸಿನ ವಿಯೇಯ್ ಎಂಬ ರಸಾಯನ ತಜ್ಞ ಹೊಗೆರಹಿತ ಮದ್ದನ್ನು ಹದಕ್ಕೆ ತಂದ. ಅದಕ್ಕಾಗಿಯೇ ಫ್ರೆಂಚರು 1886ರಲ್ಲಿ ಲೆಬೆಲ್ ರೈಫಲನ್ನು ಹೊಸದಾಗಿ ತಯಾರಿಸಿದರು. ನಮ್ಮ ಕೋವಿಗಳ ವಿನ್ಯಾಸ ಅದಕ್ಕೂ ಹಿಂದಿನದು. ಸ್ಪ್ರಿಂಗ್‌ಫೀಲ್ಡಿನಲ್ಲಿ ಹಿಂಬದಿಯ ಕದ ಕೀಲಿನ ಮೇಲೆ ಪೆಟ್ಟಿಗೆಯ ಮುಚ್ಚಳದಂತೆ ಮೇಲಕ್ಕೆ ತೆರೆಯುತ್ತದೆ. ಶಾರ್ಪ್ಸ್‌ನಲ್ಲಿ ಉಕ್ಕಿನ ದಿಮ್ಮಿ ಕೆಳಕ್ಕೆ ಜಾರುತ್ತದೆ. ಕ್ರಿಶ್ಚಿಯನ್ ಶಾರ್ಪ್ಸ್ 1848ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಎರಡನೆಯದು ಹೆಚ್ಚು ಗಟ್ಟಿ. ಆದರೆ ಕದ ಎಷ್ಟು ತಡೆಯುತ್ತದೆ ಎಂಬುದು ಉಕ್ಕಿನ ವಯಸ್ಸಿನಿಂದಷ್ಟೇ ನಿರ್ಧಾರವಾಗುವುದಿಲ್ಲ, ಆ ಕದದ ಆಕಾರವೂ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದಲೇ ಕೈಪಿಡಿಗಳು 45-70 ತೋಟಾಕ್ಕೆ ಒಂದಲ್ಲ, ಮೂರು ಪಟ್ಟಿ ಕೊಡುತ್ತವೆ. ಸ್ಪ್ರಿಂಗ್‌ಫೀಲ್ಡಿನಂಥ ಹಳೆಯ ವಿನ್ಯಾಸಗಳಿಗೆ ಒಂದು, ಕೆಳಗಿನ ಸನ್ನೆ ಎಳೆದು ತೋಟಾ ಏರಿಸುವ ಈಗಿನ ಲಿವರ್ ಕೋವಿಗಳಿಗೆ ಇನ್ನೊಂದು, ಬಹಳ ಗಟ್ಟಿಯಾದ ಆಧುನಿಕ ಕೋವಿಗಳಿಗೆ ಮತ್ತೊಂದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ತೋಟಾದ ಒತ್ತಡದ ಮಿತಿ ಚದರ ಅಂಗುಲಕ್ಕೆ 28,000 ಪೌಂಡ್. ಮೂರನೆಯ ಪಟ್ಟಿಯ ತೋಟಾಗಳು ಅದನ್ನು ಬಹಳ ಮೀರುತ್ತವೆ. ಹೊರಗಿನಿಂದ ನೋಡಿದರೆ ಮೂರೂ ತೋಟಾ ಒಂದೇ ಥರ, ಮೂರೂ ನಿಮ್ಮ ಕೋವಿಯೊಳಗೆ ಸಲೀಸಾಗಿ ಹೋಗುತ್ತವೆ. ಪುಟದ ತಲೆಬರಹ ಓದದೆ ಸಾಲು ಮಾತ್ರ ಓದಿದವನಿಗೆ ಮುಂದೆ ಕಾದಿರುವ ಅಪಾಯ ಇದೇ.

ಮತ್ತೆ ಖಾಲಿ ಜಾಗಕ್ಕೇ ಬರುತ್ತೇನೆ. ಈ ಕೋಶ ಕರಿಮದ್ದಿಗಾಗಿ ಮಾಡಿದ್ದು, ಹೊಟ್ಟೆ ದೊಡ್ಡದು. ಹೊಗೆರಹಿತ ಮದ್ದು ಅದರ ಒಂದು ಭಾಗಕ್ಕಷ್ಟೇ ಬರುತ್ತದೆ. ಮರೆತು ಎರಡನೆಯ ಸಲ ಸುರಿದರೂ ತುಳುಕುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಕರಿಮದ್ದನ್ನು ಎರಡು ಸಲ ಸುರಿಯಲು ಹೋದರೆ ಮೇಜಿನ ತುಂಬ ಚೆಲ್ಲಿ ತಾನೇ ಎಚ್ಚರಿಸುತ್ತದೆ. ನಾನು ನನ್ನ ಶಾರ್ಪ್ಸ್‌ಗೆ ಕರಿಮದ್ದನ್ನು ಬಿಟ್ಟು ಬೇರೇನೂ ಹಾಕದಿರುವುದಕ್ಕೆ ಮೊದಲ ಕಾರಣ ಇದು. ಎರಡನೆಯ ಕಾರಣ, ಆ ಬಿಳಿ ಹೊಗೆಯ ಮೋಡ ಮತ್ತು ನಿಧಾನವಾಗಿ ಭುಜವನ್ನು ತಳ್ಳುವ ಒದೆತ. ಅದು ಬೇಡವೆಂದಾದರೆ ಈ ಕೋವಿಯನ್ನು ಕೊಂಡದ್ದಾದರೂ ಏಕೆ?

ಕರಿಮದ್ದಿನ ಬದಲಿಗೆ ಪೈರೋಡೆಕ್ಸ್‌ನಂಥ ಮದ್ದು ಬಳಸುವವರಿಗೆ ಒಂದು ಮಾತು. ಅದನ್ನು ಅಳೆಯುವುದು ಕರಿಮದ್ದಿನ ಗಾತ್ರದ ಮಾಪಕದಲ್ಲಿ, ತಕ್ಕಡಿಯಲ್ಲಿ ಅಲ್ಲ. ಅದು ಹಗುರ. ಕರಿಮದ್ದಿನಷ್ಟೇ ತೂಗಿ ಹಾಕಿದರೆ ಹೆಚ್ಚು ಹಾಕಿದಂತಾಗುತ್ತದೆ.

ಪ್ರಶ್ನೆ: ಇಷ್ಟು ವರ್ಷಗಳಲ್ಲಿ ನಿಮ್ಮ ಕೈಯಲ್ಲಿ ಎಂದಾದರೂ ತಪ್ಪಾಗಿದೆಯೇ? ಮುಚ್ಚಿಡದೆ ಹೇಳಿ.

ಉತ್ತರ: ಆಗಿದೆ. ಒಂದು ಸಂಜೆ ಐವತ್ತು ಕೋಶಗಳನ್ನು ಮರದ ಹಲಗೆಯ ಗುಳಿಗಳಲ್ಲಿ ನಿಲ್ಲಿಸಿಕೊಂಡು ತುಂಬುತ್ತಿದ್ದೆ. ನಡುವೆ ಯಾರೋ ಕರೆದರು, ಎದ್ದು ಹೋದೆ. ಬಂದು ಕುಳಿತವನು ಮುಂದಿನ ಗುಳಿಯಿಂದ ಶುರು ಮಾಡಬೇಕಾಗಿತ್ತು, ಅದರ ಮುಂದಿನದರಿಂದ ಶುರು ಮಾಡಿದೆ. ಒಂದು ಕೋಶ ಖಾಲಿ ಉಳಿಯಿತು. ಅದಕ್ಕೆ ಬಿಲ್ಲೆಯನ್ನೂ ಗುಂಡನ್ನೂ ಕೂರಿಸಿ ಪೆಟ್ಟಿಗೆಗೆ ಹಾಕಿಬಿಟ್ಟೆ. ಒತ್ತುವ ಅಚ್ಚು ಇಳಿಸುವಾಗ ಕೈಗೆ ತಡೆ ಸಿಗದೇ ಇದ್ದದ್ದು ಆಗಲೇ ಗೊತ್ತಾಗಬೇಕಿತ್ತು.

ಮರುವಾರ ಗುರಿ ಅಭ್ಯಾಸದ ಬಯಲಿನಲ್ಲಿ ಕುದುರೆ, ಅಂದರೆ ಕೇಪನ್ನು ಸಿಡಿಸುವ ಸುತ್ತಿಗೆ, ಬಿದ್ದಾಗ ಢಂ ಎನ್ನಬೇಕಾದ ಕೋವಿ ಟಪ್ ಎಂದಿತು. ಹೊಗೆ ಇಲ್ಲ, ಒದೆತ ಇಲ್ಲ. ಕೇಪೊಂದರ ಬಲಕ್ಕೆ ಗುಂಡು ನಳಿಗೆಯೊಳಗೆ ಮೂರು ಬೆರಳಿನಷ್ಟು ಹೋಗಿ ಕಚ್ಚಿಕೊಂಡಿತ್ತು. ನನಗೆ ಆಗ ಅದು ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ, ಸದ್ದು ಸರಿಯಿಲ್ಲ ಎಂಬುದು. ಕೋವಿಯ ಮೂತಿಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಕಾದೆ, ಏಕೆಂದರೆ ಕೆಲವೊಮ್ಮೆ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಆಮೇಲೆ ದಿಮ್ಮಿ ಇಳಿಸಿ ಕೋಶವನ್ನು ಹೊರತೆಗೆದೆ. ಅದರ ಒಳಗೋಡೆ ಹೊಳೆಯುತ್ತಿತ್ತು. ಕರಿಮದ್ದು ಉರಿದಿದ್ದರೆ ಅದು ಮಸಿ ಹಿಡಿದಿರಬೇಕಿತ್ತು. ಹಿಂದಿನಿಂದ ನಳಿಗೆಯೊಳಗೆ ನೋಡಿದೆ, ಆಚೆ ತುದಿಯ ಬೆಳಕು ಕಾಣಲಿಲ್ಲ.

ಆ ಹೊತ್ತಿಗೆ ಅವಸರಪಟ್ಟು ಇನ್ನೊಂದು ತೋಟಾ ಹಾಕಿ ಹೊಡೆದಿದ್ದರೆ ನಳಿಗೆ ಉಬ್ಬುತ್ತಿತ್ತು ಅಥವಾ ಸೀಳುತ್ತಿತ್ತು. ಮನೆಗೆ ತಂದು, ಮೂತಿಯ ಕಡೆಯಿಂದ ಹಿತ್ತಾಳೆಯ ಸರಳು ಹಾಕಿ, ಮರದ ಕೊಡತಿಯಿಂದ ತಟ್ಟಿ ತಟ್ಟಿ ಗುಂಡನ್ನು ಹಿಂದಕ್ಕೆ ಇಳಿಸಿದೆ. ಆ ಗುಂಡು ಈಗಲೂ ನನ್ನ ಮೇಜಿನ ಮೇಲಿದೆ, ನಳಿಗೆಯ ಸುರುಳಿ ಗೆರೆಗಳ ಗುರುತು ಅದರ ಮೈಮೇಲೆ ಇದೆ. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಖಾಲಿ ಕೋಶಗಳನ್ನು ಹಲಗೆಯಲ್ಲಿ ಬಾಯಿ ಕೆಳಗಾಗಿ ನಿಲ್ಲಿಸುತ್ತೇನೆ, ಮದ್ದು ಬಿದ್ದದ್ದು ಮಾತ್ರ ಬಾಯಿ ಮೇಲಾಗಿ ನಿಲ್ಲುತ್ತದೆ. ಗುಂಡು ಇಡುವ ಮೊದಲು ಟಾರ್ಚ್ ಹಿಡಿದು ಐವತ್ತೂ ಬಾಯಿಗಳನ್ನು ಸಾಲಾಗಿ ನೋಡುತ್ತೇನೆ. ಯಾರಾದರೂ ಕರೆದರೆ ಕೈಯಲ್ಲಿರುವ ಕೋಶದ ಮದ್ದನ್ನು ಡಬ್ಬಿಗೆ ಹಿಂದಿರುಗಿಸಿ ಏಳುತ್ತೇನೆ, ಬಂದು ಮೊದಲಿನಿಂದ ಎಣಿಸುತ್ತೇನೆ.

ಪ್ರಶ್ನೆ: ಪೆಟ್ಲುಪ್ಪು, ಗಂಧಕ, ಇದ್ದಿಲು, ಇಷ್ಟೇ ಅಲ್ಲವೇ ಕರಿಮದ್ದು? ಮನೆಯಲ್ಲೇ ಅರೆದುಕೊಂಡರೆ ಹೇಗೆ?

ಉತ್ತರ: ಮಾಡಬೇಡಿ. ಹೇಗೆ ಮಾಡುವುದೆಂದು ನಾನು ಹೇಳುವುದೂ ಇಲ್ಲ. ಅರೆಯುವಾಗ ಹೊತ್ತಿಕೊಂಡು ಕೈಕಾಲು, ಪ್ರಾಣ ಕಳೆದುಕೊಂಡವರ ಸಾಲು ಹಳೆಯ ಮದ್ದಿನ ಕಾರ್ಖಾನೆಗಳ ಚರಿತ್ರೆಯುದ್ದಕ್ಕೂ ಇದೆ; ಅದು ಕಸುಬು ಬಲ್ಲವರು, ಅದಕ್ಕೆಂದೇ ಕಟ್ಟಿದ ಕಟ್ಟಡಗಳಲ್ಲಿ ಮಾಡುತ್ತಿದ್ದ ಕೆಲಸ. ಅಲ್ಲದೆ ಮನೆಯ ಮದ್ದಿನ ಒಂದು ಹಿಡಿಯಂತೆ ಇನ್ನೊಂದು ಹಿಡಿ ಇರುವುದಿಲ್ಲ. ಕಾಳಿನ ಗಾತ್ರ ಒಂದೇ ಸಮ ಇಲ್ಲದ ಮದ್ದಿಗೆ ಯಾವ ಕೈಪಿಡಿಯ ಅಳತೆಯೂ ಹೊಂದುವುದಿಲ್ಲ.

ಪ್ರಶ್ನೆ: ಗುಂಡನ್ನೂ ನೀವೇ ಎರಕ ಹೊಯ್ಯುತ್ತೀರಂತೆ. ಹಳೆಯ ಬ್ಯಾಟರಿಯ ಸೀಸ ನಡೆಯುತ್ತದೆಯೇ? ನನ್ನ ಗುಂಡುಗಳು ಮೂರು ಈಡಿನ ನಂತರ ಗುರಿ ತಪ್ಪುತ್ತವೆ, ಯಾಕೆ?

ಉತ್ತರ: ಬ್ಯಾಟರಿಯ ಸೀಸವನ್ನು ಮುಟ್ಟಬೇಡಿ. ಅದರಲ್ಲಿ ಆಮ್ಲ ಇರುತ್ತದೆ, ಬೇರೆ ಲೋಹಗಳೂ ಸೇರಿರುತ್ತವೆ, ಕರಗಿಸುವಾಗ ವಿಷದ ಹೊಗೆ ಬರಬಹುದು. ಶುದ್ಧ ಸೀಸ ಮತ್ತು ತವರವನ್ನು ಕೊಂಡುಕೊಳ್ಳಿ. ನಾನು ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸುತ್ತೇನೆ. ತವರ ಸೇರಿದರೆ ಎರಕ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ, ಗುಂಡಿನ ಅಂಚುಗಳು ಚೂಪಾಗಿ ಮೂಡುತ್ತವೆ. ಇನ್ನೂ ಗಟ್ಟಿ ಮಾಡುವ ಆಸೆ ಬೇಡ. ಕರಿಮದ್ದಿನ ಪೆಟ್ಟು ಬಿದ್ದಾಗ ಮೆತ್ತನೆಯ ಗುಂಡು ಬುಡದಲ್ಲಿ ತುಸು ಅಗಲವಾಗಿ ನಳಿಗೆಯ ಗೆರೆಗಳನ್ನು ತುಂಬಿಕೊಳ್ಳುತ್ತದೆ. ಗಟ್ಟಿ ಗುಂಡು ಹಾಗೆ ಹರಡುವುದಿಲ್ಲ, ಅನಿಲ ಪಕ್ಕದಿಂದ ನುಸುಳಿ ಹೋಗುತ್ತದೆ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಕ ಹೊಯ್ಯುವುದು ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ. ಆ ಪಾತ್ರೆಗೆ ಒಂದು ಹನಿ ನೀರು ಬಿದ್ದರೆ ಅದು ಸೀಸದಡಿಯಲ್ಲಿ ಕ್ಷಣದಲ್ಲಿ ಆವಿಯಾಗಿ ಕುದಿಯುವ ಲೋಹವನ್ನು ಮುಖಕ್ಕೆ ಎರಚುತ್ತದೆ. ಹಣೆಯ ಬೆವರೂ ನೀರೇ. ಗಾಳಿಯಾಡುವ ಜಾಗ, ಕನ್ನಡಕ, ಚರ್ಮದ ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ನಾನು ಒಲೆ ಹೊತ್ತಿಸುವುದಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕುವುದಿಲ್ಲ.

ಇನ್ನು ನಿಮ್ಮ ಗುರಿ ತಪ್ಪುವುದು. ಮೊದಲ ಮೂರು ಈಡು ಸರಿ, ಆಮೇಲೆ ಚದುರುತ್ತದೆ ಎಂದರೆ ನಳಿಗೆ ಮಸಿ ಕಟ್ಟಿಕೊಳ್ಳುತ್ತಿದೆ ಎಂದು ಅರ್ಥ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗುವುದೇ ಇಲ್ಲ, ಹೊಗೆಯಾಗಿ ಮತ್ತು ಮಸಿಯಾಗಿ ಉಳಿಯುತ್ತದೆ. ಮಸಿ ಮೆತ್ತಗಿದ್ದರೆ ಮುಂದಿನ ಗುಂಡು ಅದನ್ನು ಒರೆಸಿಕೊಂಡು ಹೋಗುತ್ತದೆ, ಒಣಗಿದರೆ ಕಲ್ಲಿನ ಹಾಗೆ ಕೂರುತ್ತದೆ. ಮೆತ್ತಗೆ ಇಡುವುದು ಗುಂಡಿನ ಮೈಮೇಲಿನ ಸುತ್ತು ಗೀರುಗಳಲ್ಲಿ ತುಂಬಿದ ಜಿಡ್ಡಿನ ಕೆಲಸ. ನೀವು ಪತ್ರದಲ್ಲಿ ವಾಹನದ ಗ್ರೀಸ್ ಬಳಸಿದ್ದೇನೆ ಎಂದಿದ್ದೀರಿ. ತಪ್ಪಾಗಿರುವುದು ಅಲ್ಲೇ. ಪೆಟ್ರೋಲಿಯಂ ಜಿಡ್ಡು ಕರಿಮದ್ದಿನ ಮಸಿಯ ಜೊತೆ ಸೇರಿ ಡಾಂಬರಿನಂತಾಗುತ್ತದೆ. ಜೇನುಮೇಣಕ್ಕೆ ಪ್ರಾಣಿಯ ಕೊಬ್ಬನ್ನೋ ಸಸ್ಯದ ಎಣ್ಣೆಯನ್ನೋ ಬೆರೆಸಿದ ಜಿಡ್ಡು ಬೇಕು.

ಇನ್ನೊಂದು ಉಪಾಯ ನಂಬುವುದಕ್ಕೆ ಕಷ್ಟವಾಗುವಷ್ಟು ಸುಲಭ. ಈಡು ಹೊಡೆದು ಕೋಶ ತೆಗೆದ ಮೇಲೆ ಹಿಂಬದಿಯಿಂದ ಒಂದು ಊದುಗೊಳವೆ ಇಟ್ಟು ನಾಲ್ಕೈದು ಸಲ ನಿಧಾನವಾಗಿ ಉಸಿರು ಬಿಡಿ. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ನನ್ನ ಊದುಗೊಳವೆ ಎಂದರೆ ಬುಡ ಕೊರೆದ ಒಂದು ಹಳೆಯ ಕೋಶ, ಅದಕ್ಕೆ ಸಿಕ್ಕಿಸಿದ ರಬ್ಬರ್ ನಳಿಕೆ. ಒಣ ಬಿಸಿಲಿನ ದಿನ ಉಸಿರಿನ ಸಂಖ್ಯೆ ಹೆಚ್ಚಿಸುತ್ತೇನೆ. ಮೂತಿಯ ಕಡೆಯಿಂದ ಮಾತ್ರ ಊದಬೇಡಿ, ಕೋವಿ ಖಾಲಿ ಎಂದು ಕಣ್ಣಾರೆ ಕಂಡಿದ್ದರೂ ಬೇಡ.

ಪ್ರಶ್ನೆ: ಜಿಡ್ಡು ಎಂದಾಗ ನೆನಪಾಯಿತು. 1857ರ ದಂಗೆಯ ತೋಟಾದ ಕೊಬ್ಬು ಇದೇ ಏನು?

ಉತ್ತರ: ಅದೇ ಕೆಲಸಕ್ಕೆ ಬಳಸಿದ ಜಿಡ್ಡು, ತೋಟಾ ಬೇರೆ. 1853ರ ಮಾದರಿಯ ಎನ್‌ಫೀಲ್ಡ್ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಅದರ ತೋಟಾ ಕಾಗದದ್ದು. ಸಿಪಾಯಿ ಕಾಗದದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಜಿಡ್ಡು ಹಚ್ಚಿದ ಕಾಗದದೊಳಗಿನ ಗುಂಡನ್ನು ತಿರುಗಿಸಿ ಒಳಗಿಟ್ಟು, ಕಾಗದದ ಉಳಿದ ಭಾಗ ಹರಿದೆಸೆದು, ಗಜದಿಂದ, ಅಂದರೆ ಉದ್ದನೆಯ ಸರಳಿನಿಂದ, ತಳ್ಳಬೇಕಿತ್ತು. ಮಸಿಯ ಮೇಲೆ ಗುಂಡು ಜಾರಿ ಇಳಿಯಲೆಂದು ಜಿಡ್ಡು. ಆ ಜಿಡ್ಡಿನಲ್ಲಿ ಹಸುವಿನ ಮತ್ತು ಹಂದಿಯ ಕೊಬ್ಬು ಇದೆ ಎಂಬ ಸುದ್ದಿ ಹಬ್ಬಿತು. ಹಲ್ಲಿನಿಂದ ಕಚ್ಚುವ ಬದಲು ಕೈಯಿಂದ ಹರಿಯಬಹುದು ಎಂದು ಕವಾಯತಿನ ನಿಯಮವನ್ನು ಬದಲಿಸುವ ಹೊತ್ತಿಗೆ ನಂಬಿಕೆ ಮುರಿದುಹೋಗಿತ್ತು. ಎನ್‌ಫೀಲ್ಡಿನ ಹೊಸ ಪ್ರತಿಗಳನ್ನು ಹೊಡೆಯುವವರು ಇಂದಿಗೂ ಆ ಕಾಗದದ ತೋಟಾವನ್ನು ಹಾಗೆಯೇ ಸುತ್ತುತ್ತಾರೆ. ನಾನು ಸುತ್ತಿ ನೋಡಿದ್ದೇನೆ. ಕಾಗದ ಹರಿಯುವ ಆ ಹೊತ್ತಿನಲ್ಲಿ ಬೆರಳಿಗೆ ಅಂಟುವ ಜಿಡ್ಡು ಸಣ್ಣದಲ್ಲ. ತುಟಿಗೆ ಅಂಟುವುದನ್ನು ಒಪ್ಪದವರ ಸಂಕಟ ನನಗೆ ಅರ್ಥವಾಗುತ್ತದೆ.

ಪ್ರಶ್ನೆ: ಅಮೆರಿಕದ ಸೇನಾಧಿಕಾರಿ ಕಸ್ಟರನ ಸೈನಿಕರ ತೋಟಾಗಳು ಕೋವಿಯಲ್ಲಿ ಸಿಕ್ಕಿಹಾಕಿಕೊಂಡು ಅವರು ಸತ್ತರು ಎಂದು ಓದಿದ್ದೇನೆ. ನಮ್ಮ ಹಿತ್ತಾಳೆಯೂ ಹಾಗೆ ಸಿಕ್ಕಿಕೊಳ್ಳುತ್ತದೆಯೇ? ಒಂದು ಕೋಶವನ್ನು ಎಷ್ಟು ಸಲ ಬಳಸಬಹುದು?

ಉತ್ತರ: 1876ರ ಜೂನ್‌ನಲ್ಲಿ ಲಿಟಲ್ ಬಿಗ್ ಹಾರ್ನ್‌ನಲ್ಲಿ ಅಲ್ಲಿನ ಮೂಲನಿವಾಸಿಗಳೆದುರು ಸೋತ ಕಸ್ಟರನ ದಂಡು ಹಿಡಿದಿದ್ದು ಇದೇ 45ರ ಸ್ಪ್ರಿಂಗ್‌ಫೀಲ್ಡ್, 55 ಗ್ರೇನಿನ ತೋಟಾ. ಕೋಶ ಹಿತ್ತಾಳೆಯದಲ್ಲ, ತಾಮ್ರದ್ದು. ತಾಮ್ರ ಒತ್ತಡಕ್ಕೆ ಹಿಗ್ಗಿದ ಮೇಲೆ ಹಿತ್ತಾಳೆಯ ಹಾಗೆ ಹಿಂದಕ್ಕೆ ಸೆಡೆಯುವುದಿಲ್ಲ, ಗೋಡೆಗೆ ಅಂಟಿಕೊಳ್ಳುತ್ತದೆ. ಆದರೆ ಸೋಲಿನ ಹೊಣೆಯನ್ನೆಲ್ಲ ಅದರ ತಲೆಗೆ ಕಟ್ಟುವುದು ಸರಿಯಲ್ಲ. 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ಆ ಬಯಲು ತೆರವಾದ ಮೇಲೆ ಪುರಾತತ್ವ ತಜ್ಞರು ಅಗೆದು ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೊಕ್ಕೆಯಿಂದ ಕಿತ್ತು ತೆಗೆದ ಗುರುತು ಇದ್ದದ್ದು ಬಹಳ ಕೆಲವಕ್ಕೆ ಮಾತ್ರ.

ಹಿತ್ತಾಳೆ ಸಲಸಲಕ್ಕೂ ಹಿಗ್ಗಿ, ಅಚ್ಚಿನಲ್ಲಿ ಒತ್ತಿಸಿಕೊಂಡು ಪೆಡಸಾಗುತ್ತದೆ, ಕೊನೆಗೆ ಬಾಯಿ ಸೀಳುತ್ತದೆ. ಬಾಯಿಯ ಭಾಗವನ್ನು ಮಾತ್ರ ಬಿಸಿ ಮಾಡಿ ಮೆತ್ತಗೆ ಮಾಡಿಕೊಂಡರೆ ಆಯಸ್ಸು ಬಹಳ ಹೆಚ್ಚುತ್ತದೆ. ಬುಡ ಬಿಸಿಯಾಗಲೇಬಾರದು, ಒತ್ತಡವನ್ನು ತಡೆಯುವುದು ಅದೇ. ಅದಕ್ಕಾಗಿ ಕೋಶವನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ ಮೇಲ್ಭಾಗಕ್ಕೆ ಜ್ವಾಲೆ ಹಿಡಿಯುತ್ತಾರೆ. ಎಷ್ಟು ಸಲ ಎಂಬುದಕ್ಕೆ ನಾನು ಸಂಖ್ಯೆ ಕೊಡಲಾರೆ. ಬಾಯಲ್ಲಿ ಕೂದಲೆಳೆಯ ಬಿರುಕು ಕಂಡರೆ, ಬುಡದ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ, ಕೇಪು ಕೈಯಲ್ಲಿ ಒತ್ತಿದಷ್ಟಕ್ಕೇ ಒಳಗೆ ಹೋದರೆ, ಇಕ್ಕಳದಿಂದ ಚಪ್ಪಟೆ ಮಾಡಿ ಗುಜರಿಗೆ ಹಾಕಿ. ಚಪ್ಪಟೆ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದು ಹೇಗೋ ಡಬ್ಬಿಗೆ ವಾಪಸು ಬಂದಿರುತ್ತದೆ.

ಪ್ರಶ್ನೆ: ನನ್ನದು ಲಿವರ್ ಕೋವಿ, ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾಗಳು ಸಾಲಾಗಿ ಕೂರುತ್ತವೆ. ನಿಮ್ಮ ಚೂಪು ಮೂತಿಯ ಗುಂಡು ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ. ಆ ಕೊಳವೆಯಲ್ಲಿ ಒಂದು ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ಒರಗಿ ಕೂರುತ್ತದೆ. ಈಡಿನ ಒದೆತಕ್ಕೆ ಚೂಪು ಮೂತಿ ಕೇಪನ್ನು ಕುಟ್ಟಿದರೆ ಕೊಳವೆಯೊಳಗೇ ತೋಟಾ ಸಿಡಿಯಬಹುದು, ಅದೂ ನಿಮ್ಮ ಎಡಗೈ ಅದರ ಕೆಳಗಿರುವಾಗ. ಚಪ್ಪಟೆ ಮೂತಿಯ ಗುಂಡಿನ ಅಚ್ಚನ್ನೇ ತೆಗೆದುಕೊಳ್ಳಿ. ಕೇಪನ್ನೂ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಒಳಗೆ ಕೂರಿಸಿ. ಪ್ರತಿಯೊಂದರ ಮೇಲೂ ತೋರುಬೆರಳು ಆಡಿಸಿ ನೋಡಿ.

ಪ್ರಶ್ನೆ: ಈಡು ಹೊಡೆದು ಮನೆಗೆ ಬಂದ ಮೇಲೆ ತುಂಬ ದಣಿವು. ಶುಚಿ ಮಾಡುವುದನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದೇ?

ಉತ್ತರ: ಇಟ್ಟುಕೊಂಡರೆ ತುಕ್ಕು ನಿಮಗಿಂತ ಮೊದಲು ಏಳುತ್ತದೆ. ಕರಿಮದ್ದಿನ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತಿನ್ನಲು ಶುರು ಮಾಡುತ್ತದೆ. ಇದಕ್ಕೆ ದುಬಾರಿ ದ್ರಾವಣವೇನೂ ಬೇಡ, ನೀರೇ ಸಾಕು, ಏಕೆಂದರೆ ಆ ಮಸಿಯ ಹೆಚ್ಚಿನ ಪಾಲು ನೀರಿನಲ್ಲಿ ಕರಗುವ ಲವಣ. ಒದ್ದೆ ಬಟ್ಟೆಯ ತುಣುಕುಗಳನ್ನು ಹಿಂಬದಿಯಿಂದ ಮೂತಿಯ ಕಡೆಗೆ ತಳ್ಳುತ್ತೇನೆ. ಮೊದಲನೆಯದು ಇದ್ದಿಲಿನಂತೆ ಬರುತ್ತದೆ, ನಾಲ್ಕನೆಯದು ಬೂದಿ ಬಣ್ಣ, ಏಳೆಂಟನೆಯದು ಬಿಳಿ. ಆಮೇಲೆ ಒಣ ಬಟ್ಟೆ, ಅದಾದ ಮೇಲೆ ಎಣ್ಣೆ ಹಚ್ಚಿದ ಬಟ್ಟೆ. ದಿಮ್ಮಿಯನ್ನು ಹೊರತೆಗೆದು ಅದರ ಗೋಡೆಗಳನ್ನೂ ಹೀಗೆಯೇ ಒರೆಸುತ್ತೇನೆ, ಮಸಿ ಅಡಗುವುದು ಅಲ್ಲೇ ಹೆಚ್ಚು.

ಕೋಶಗಳಿಗಂತೂ ನಾನು ಮನೆ ಮುಟ್ಟುವವರೆಗೂ ಕಾಯುವುದಿಲ್ಲ. ಗುರಿ ಅಭ್ಯಾಸದ ಬಯಲಿಗೆ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಹಾಕಿ ಒಯ್ಯುತ್ತೇನೆ. ಕೋವಿಯಿಂದ ಹೊರಬಂದ ಕೋಶ ನೇರ ಅದರೊಳಗೆ ಬೀಳುತ್ತದೆ. ಸಂಜೆ ಮುಚ್ಚಳ ತೆಗೆದಾಗ ನೀರು ಕಪ್ಪಗಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಅದು ಗಂಧಕದ್ದು. ಸತ್ತ ಕೇಪುಗಳನ್ನು ತಳ್ಳಿ, ಕೇಪು ಕೂರುವ ಗುಳಿಯನ್ನು ಒಂದು ಕಡ್ಡಿಯಿಂದ ಕೆರೆದು, ನೀರು ತಿಳಿಯಾಗುವವರೆಗೆ ಬದಲಿಸಿ, ಬಟ್ಟೆಯ ಮೇಲೆ ಬಾಯಿ ಕೆಳಗಾಗಿ ಸಾಲು ನಿಲ್ಲಿಸುತ್ತೇನೆ. ಎಣಿಸುತ್ತೇನೆ. ಐವತ್ತು ಇರಬೇಕು.